ಬೆಳೀಲಾರದ ಕಲ್ಲಿನ ಗುಂಪಿ

ಮಾಳಿಂಗರಾಯ ಮಂದೀನ್ನ ಗುಡ್ಡ ಹತ್ತಸುವಾಗ ಯಾವಾಗಲೂ ಮುಂದ ಇರತಿದ್ದ. ಹಿಂದ ಬಾ ಅಂದ್ರ ಬಿಲ್ಕುಲ್ ಒಲ್ಲೆ ಅಂತಿದ್ದ. ಫಾರೆಸ್ಟ್ ಸಾಹೇಬರು ಒಂದೆರಡು ಸಲ ಹೇಳಿ ನೋಡಿದ್ರು, "ಕರಕೊಂಡು ಹೋಗಾವ ಕಡೀಕ ಇರಬೇಕೋ ಮಾರಾಯ, ಯಾರರೆ ಹಿಂದ ಉಳದ್ರ ಏನ್ ಮಾಡ್ತಿ" ಅಂತ. ಹೂಂ ಅಂತ ತಲಿ ಅಲ್ಲಾಡಿಸಿ, ಮುಂದಿನ ಐತವಾರ ಮತ್ತ ಎಲ್ಲಾರಕಿಂತ ಮುಂದ ಹೋಗಿ ನಿಂದ್ರತಿದ್ದ. ಬೀರಪ್ಪನ ಒಕ್ಕಲು, ಕುರಿ ಮುಂದ ನಡದು ರೂಢಿ ಆಗೇತಿ ಅಂತ ಸಾಹೇಬರು ಸುಮ್ಮನಾದ್ರು. ಕುರಿ ಕಾಯೋವ ಹಿಂಡಿನ ಹಿಂದ ನಡೀತಾನ ಅಂತ ಅವರಿಗೆ ಹೇಳೋ ಉಸಾಬರಿ ಯಾರಿಗೆ ಬೇಕಾಗಿತ್ತು. ಮುಂದ ನಡಿಯೂದಕ್ಕ ಕಾರಣ ಬ್ಯಾರೆ ಇತ್ತು, ಅದು ಅವಗೊಬ್ಬಗ ಗೊತ್ತಿತ್ತು.

ಬೀಳಗಿ ದಾಟಿ ಮುಧೋಳ ಕಡೆ ಬರುವಾಗ ಸಿಗೋ ಸರಕಾರಿ ಅಡವಿ ಅದು. ಅಡವಿ ಅಂದ್ರ ದೊಡ್ಡ ಮರ ಕಣ್ಣಿಗೆ ತಂದ್ಕೋಬ್ಯಾಡ್ರಿ. ಕುರಚಲ ಗಿಡ, ಕಲ್ಲು, ಎದಿಮಟ ಹುಲ್ಲು, ಅದರಾಗ ಕಿವಿ ನಿಗರಿಸಿ ನಿಂತ ಚಿಗರಿ. ಶಿವರಾತ್ರಿ ಮುಗೀತು ಅಂದ್ರ ಆ ಹುಲ್ಲು ಒಣಗಿ, ಒಂದು ಬೀಡಿ ತುಂಡಿಗೆ ಇಡೀ ಗುಡ್ಡ ಉರೀತೈತಿ. ಅದಕ್ಕ ಗುಡ್ಡದ ನೆತ್ತಿ ಮ್ಯಾಲ ಕಬ್ಬಣದ ಟವರ್ ನಿಲ್ಲಿಸ್ಯಾರ. ಅದರ ಮ್ಯಾಲ ಕುಂತು ಹೊಗಿ ನೋಡೂದು, ಕಂಡ್ರ ಫೋನ್ ಮಾಡೂದು, ಮಾಳಿಂಗರಾಯನ ಕೆಲಸ. ಬಾಡಗಂಡಿ ಕಡೆ ಏಳೂದು ಫ್ಯಾಕ್ಟರಿ ಹೊಗಿ, ಅದರ ಆಚೆ ಕರ್ರಗ ದಪ್ಪಗ ಏಳೂದು ಕಬ್ಬಿನ ರವದಿ, ಒಣಗಿದ ಎಲಿ ಸುಟ್ಟ ಹೊಗಿ, ಅವಕ್ಕ ಅಂಜಬೇಕಾಗಿಲ್ಲ. ಬಿಳಿ ಹೊಗಿ ತೆಳ್ಳಗ ನೆಲಕ್ಕ ಹತ್ತಿ ಹರದಾಡಿದ್ರ ಮಾತ್ರ ಎದ್ದು ನಿಂದ್ರಬೇಕು.

ಈಗೀಗ ಐತವಾರಕ್ಕೊಂದು ಹೊಸಾ ಕೆಲಸ ಹತ್ತಿತ್ತು. ಬನಹಟ್ಟಿಯ ಪ್ರೀತಿ ಟೀಚರ್ ಅಂತ, ತೇರದಾಳದಾಗ ಸಾಲಿ ಕಲಸತಾರ, ಅವರು ಒಂದು ಗುಂಪು ಕಟ್ಟಿಕೊಂಡು ಗುಡ್ಡ ಹತ್ತಾಕ ಬರತಿದ್ರು. ಸೀರಿ ಅಂಗಡಿಯವರು, ಬ್ಯಾಂಕಿನವರು, ಜಮಖಂಡಿ ಕಾಲೇಜಿನ ಹುಡುಗಿಯರು, ಬಿ.ಪಿ. ಗುಳಿಗಿ ಕಿಸೆದಾಗ ಇಟ್ಟುಕೊಂಡ ಹಿರೇರು. ಅವರ ಬಾಯಾಗ ಅದು ಚಾರಣ. ಬೆಳಿಗ್ಗೆ ಗುಡ್ಡದ ಬುಡಕ್ಕಿರೋ ಮಾಳಿಂಗರಾಯನ ಮನಿ ಮುಂದ ಗಾಡಿ ನಿಲ್ಲಿಸಿ, ಟವರ್ ಹತ್ತಿ, ಅಲ್ಲಿಂದ ಕಬ್ಬಿನ ಹಸರು, ಅದರಾಚೆ ಹೊಳಿ ಹಿನ್ನೀರಿನ ಬೆಳ್ಳಗಿನ ಗೆರಿ ಎಲ್ಲಾ ನೋಡಿ, ಹಾ ಹಾ ಅಂದು, ಬುತ್ತಿ ಉಂಡು, ಬಿಸಿಲು ಏರೂದ್ರಾಗ ಇಳದು ಹೋಗತಿದ್ರು. ಛಲೋ ಮಂದಿ. ಪ್ಲಾಸ್ಟಿಕ್ ಒಗಿತಿದ್ದಿಲ್ಲ, ಚಿಗರಿ ಕಂಡ್ರ ಕೂಗತಿದ್ದಿಲ್ಲ.

ಅರ್ಧ ಗುಡ್ಡಕ್ಕ ಹಾದಿ ಒಂದು ಕಡೆ ಎಡಕ್ಕ ತಿರಗತೈತಿ. ಆ ತಿರುವಿನ್ಯಾಗ ಒಂದ ಒಂದು ಬೇವಿನ ಗಿಡ. ಅದರ ಬುಡಕ್ಕ ಕಲ್ಲಿನ ಗುಂಪಿ. ಅಲ್ಲಿ ಬಂದಕೂಡ್ಲೆ ಮಾಳಿಂಗರಾಯ ನಿಂತು, "ಒಬ್ಬೊಬ್ರು ಒಂದೊಂದು ಕಲ್ಲು ಹಾಕಿ ಮುಂದ ನಡೀರಿ" ಅಂತಿದ್ದ.

"ಯಾಕ ಕಾಕಾ?" ಅಂತ ಪ್ರೀತಿ ಟೀಚರ್ ಮೊದಲನೇ ಸಲ ಕೇಳಿದ್ರು.

"ಹಾಕಿದ್ರ ದಣಿವು ಆಗಂಗಿಲ್ಲ ತಂಗಿ."

ಖೊಟ್ಟಿ ಮಾತು. ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದ. ಆದ್ರ ಪ್ಯಾಟಿ ಮಂದಿಗೆ ಅದು ಭಾಳ ಮನಸಿಗೆ ಬಂತು. ದಣಿವಿನ ಗುಂಪಿ ಅಂತ ಹೆಸರಿಟ್ರು, ಅದರ ಮುಂದ ನಿಂತು ಫೋಟೋ ತಗೊಂಡ್ರು, ಯಾರ ಕಲ್ಲು ದೊಡ್ಡದು ಅಂತ ಚಾಷ್ಟಿ ಮಾಡಿದ್ರು. ಆ ಕಲ್ಲಿನ ಜಾಗಾದಾಗ ಕೆಲವು ವರ್ಷದ ಹಿಂದ ಮಾಳಿಂಗರಾಯನ ಮಗಳು ಶೀತಲ್ ಸತ್ತಿದ್ಳು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಒಬ್ಬಾಕೀನ ಮಗಳು. ಪಿಯುಸಿ ಮುಗಿಸಿ, ಜಮಖಂಡ್ಯಾಗ ಡಿಗ್ರಿ ಕಾಲೇಜಿಗೆ ಹೋಗಾಕ ಹೊಸಾ ಚೀಲ ತಂದಿಟ್ಟುಕೊಂಡಿದ್ಳು. ಮಾತಿನ ಮಲ್ಲಿ, ಅಪ್ಪಗ ಹೆಸರಿಟ್ಟು ಕಾಡಿಸಾಕಿ. "ಅಪ್ಪಾ, ನಿನಗ ಸರಕಾರ ಪಗಾರ ಕೊಡೂದು ಬರೇ ಕುಂತು ನೋಡಾಕ, ಅಂಥ ನೌಕರಿ ನನಗೂ ಒಂದು ನೋಡು" ಅಂತಿದ್ಳು. ಬ್ಯಾಸಿಗ್ಯಾಗ ದಿನಾ ಮಧ್ಯಾನಕ್ಕ ಟವರಿಗೆ ಬುತ್ತಿ ಒಯ್ಯಾಕಿ ಆಕಿನ. ಅವತ್ತೂ ಹಳದಿ ಓಡಣಿ ತಲಿ ಮ್ಯಾಲ ಹೊದ್ದು, ಬುತ್ತಿ ಗಂಟು ಹಿಡಕೊಂಡು ಹೊಂಟಿದ್ಳು. ತಿರುವಿನ್ಯಾಗ ಬೇವಿನ ಬುಡಕ್ಕ ತಟಗ ಕುಂತಿದ್ದಿರಬೇಕು, ಅಲ್ಲೆ ಕಾಲಿಗೆ ಹಾವು ಕಡೀತು. ಮಾಳಿಂಗರಾಯ ಇಳದು ಬಂದು ನೋಡಿದಾಗ ಗಿಡಕ್ಕ ಒರಗಿ ಕುಂತಂಗ ಇದ್ಳು. ಬುತ್ತಿ ಗಂಟು ತೊಡಿ ಮ್ಯಾಲಿತ್ತು. ಬೈಕಿನ ಮ್ಯಾಲ ನಡಕ ಕುಂಡರಿಸಿಕೊಂಡು ದವಾಖಾನಿಗೆ ಓಡಿದ್ರು, ಏನೂ ಉಪಯೋಗ ಆಗಲಿಲ್ಲ.

ಇಷ್ಟು ಊರಿಗೆಲ್ಲಾ ಗೊತ್ತು. ಗೊತ್ತಿಲ್ಲದ್ದು ಒಂದೈತಿ. ಆ ತಿರುವು ಟವರಿನ ಮ್ಯಾಲಿಂದ ಕಾಣತೈತಿ. ಮಾಳಿಂಗರಾಯ ದುರ್ಬೀನಿನ್ಯಾಗ ಮಗಳನ್ನ ನೋಡಿದ್ದ. ಫೋನ್ ನೋಡಕೋಂತ ಕುಂತಾಳ, ಇಲ್ಲಿ ಅಪ್ಪ ಹಸದು ಸಾಯಾಕತ್ತಾನ ಅಂತ ಸಿಟ್ಟು ಬಂದು "ಶೀತವ್ವಾ" ಅಂತ ಕೂಗಿದ. ಆಕಿ ಈ ಕಡೆ ಮಾರಿ ಮಾಡಿ ಒಂದು ಕೈ ಎತ್ತಿದ್ಳು. ಬಂದೆ ಅನ್ನಾಕತ್ತಾಳ ಅಂತ ತಿಳಕೊಂಡು ಇವನೂ ಕೈ ಎತ್ತಿದ. ಆಮ್ಯಾಲ ಬಾಡಗಂಡಿ ಕಡೆ ಹೊಗಿ ನೋಡಕೋಂತ ಕುಂತ. ಮತ್ತ ಈ ಕಡೆ ತಿರುಗಿದಾಗ ಗಿಡಕ್ಕ ಒರಗಿದ್ಳು. ನಿದ್ದಿ ಮಾಡಾಕತ್ತಾಳ ಅಂತ ಬೈಕೋಂತ ಕುಂತ. ಹೊಟ್ಟಿ ತಾಳಲಾರದ ಕಡೀಕ ಇಳದಿದ್ದ. ಹೆಂಡತಿ ಹಣಮವ್ವಗ ಹೇಳುವಾಗ "ನಾ ನೋಡೇ ಇಲ್ಲ, ಹೊಗಿ ಕಡೆ ಲಕ್ಷ್ಯ ಇತ್ತು" ಅಂದ. ಅಂದಮ್ಯಾಲ ಆ ಮಾತು ಹಿಂದಕ್ಕ ತಗೊಳ್ಳಾಕ ಆಗಲಿಲ್ಲ.

ಅವರ ಮನೆತನದಾಗ ಸತ್ತವರನ್ನ ಒಳಗ ಕರಕೊಳ್ಳೂದು ಅಂತ ಒಂದು ಪದ್ಧತಿ ಐತಿ. ಸಂಜಿಕ ಮನಿ ಸಾರಿಸಿ, ಕಂಬಳಿ ಹಾಸಿ, ದೀಪ ಹಚ್ಚಿ, ತಂಬಿಗ್ಯಾಗ ನೀರಿಟ್ಟು, ಹೊರಗ ಹೋಗಿ ಹೆಸರು ಹಿಡದು ಬಾ ಅಂತ ಕರೀತಾರ. ಅವತ್ತಿಂದ ಅವರು ಮನ್ಯಾಗಿನವರು, ಹಬ್ಬದಾಗ ಅವರಿಗೊಂದು ಎಡಿ ಇಡತಾರ. ಆದ್ರ ಹಾದ್ಯಾಗ ಹಿಂಗ ಒಮ್ಮಿಂದೊಮ್ಮೆಲೆ ಸತ್ತವರನ್ನ ಕರಿಯಂಗಿಲ್ಲ. ಅವರು ಹಾದಿಗೇ ಉಳೀಬೇಕು. ಸತ್ತ ಜಾಗಾದಾಗ ಹೋಗೋರು ಬರೋರು ಒಂದೊಂದು ಕಲ್ಲು ಹಾಕಬೇಕು, ಭಾರ ಇದ್ರ ಎದ್ದು ಬೆನ್ನು ಹತ್ತಂಗಿಲ್ಲ ಅಂತ. ಮಾಳಿಂಗರಾಯನ ಅಣ್ಣ ಸಾತಪ್ಪ ಇದನ್ನ ಗಟ್ಟಿಯಾಗಿ ಹೇಳಿದ. ಹಣಮವ್ವ ಅತ್ತು ಕರದು, "ನನ್ನ ಮಗಳು ಯಾರಿಗೇನು ಕಾಡತಾಳ, ಒಳಗ ಕರೀರಿ" ಅಂದ್ಳು. ಮಾಳಿಂಗರಾಯ ಅಣ್ಣನ ಮಾತು ಹಿಡದ. ಮೊದಲನೇ ಕಲ್ಲು ಅವನ ಹಾಕಿದ.

ಖರೆ ಹೇಳಬೇಕಂದ್ರ ಪದ್ಧತಿ ಗಿದ್ಧತಿ ಎಲ್ಲಾ ನೆಪ. ಅವಗ ಮಗಳ ಅಂಜಿಕಿ ಇತ್ತು. ಮನಿಗೆ ಬಂದ್ರ ಆಕಿ ಒಂದ ಮಾತು ಕೇಳತಾಳ, ಅಪ್ಪಾ, ನೋಡಿದ್ದೆಲ್ಲ, ಯಾಕ ಬರಲಿಲ್ಲ, ಅಂತ. 

ಕಲ್ಲು ಹಾಕಿದ್ರೂ ಆಕಿ ಸುಮ್ಮನ ಕುಂಡ್ರಲಿಲ್ಲ. ಬುತ್ತಿ ಹೊತ್ತಿಗೆ ಟವರಿನ ಕಬ್ಬಣದ ಮೆಟ್ಟಲು ಟಣ್ ಅಂತಿತ್ತು. ಆಮ್ಯಾಲ ಮತ್ತೊಂದು ಟಣ್. ಯಾರೋ ಹಗೂರಕ ಹತ್ತಿ ನಡಕಿನ ಕಟ್ಟಿಗೆ ಬಂದು ನಿಂತಂಗ. ಬಿಸಿಲಿಗೆ ಕಬ್ಬಣ ಹಿಗ್ಗಿದ್ರ ಸಪ್ಪಳ ಆಗತೈತಿ ಅಂತ ಅವಗ ಗೊತ್ತಿಲ್ಲಂತಲ್ಲ. ಆದ್ರ ಕಬ್ಬಣಕ್ಕ ಬುತ್ತಿ ಹೊತ್ತು ಹೆಂಗ ಗೊತ್ತಾಗತೈತಿ. ಅವ ತೆಳಗ ಬಗ್ಗಿ ನೋಡತಿದ್ದಿಲ್ಲ. ಐತವಾರ ಗುಡ್ಡ ಇಳಿಯುವಾಗ ಎಲ್ಲಾರಕಿಂತ ಹಿಂದ ಇದ್ದವರು ಒಬ್ಬರಲ್ಲಾ ಒಬ್ಬರು ಕೇಳತಿದ್ರು, "ಕಾಕಾ, ಹಿಂದ ಯಾರರೆ ಉಳದಾರೇನ್ರಿ? ಹೆಜ್ಜಿ ಸಪ್ಪಳ ಕೇಳಿಸಿತು." ಬ್ಯಾಂಕಿನವರು ಕೇಳಿದ್ರು, ಕಾಲೇಜಿನ ಹುಡುಗಿ ಕೇಳಿದ್ಳು. "ಚಿಗರಿ ಇರಬೇಕು, ನಡೀರಿ" ಅಂತಿದ್ದ. ಮುಂದ ನಡೀತಿದ್ದದ್ದು ಇದಕ್ಕ. ಆಕಿಗೂ ತನಗೂ ನಡಕ ಅಷ್ಟು ಮಂದಿ ಇರಲಿ ಅಂತ.

ಈ ವರ್ಷ ಬಿಸಿಲು ಸುರುವಾದಾಗ ಒಂದು ಐತವಾರ ಪ್ರೀತಿ ಟೀಚರ್ ಗುಂಪಿ ಮುಂದ ನಿಂತು ಫೋನ್ ತಗದ್ರು.

"ಕಾಕಾ, ಇಲ್ಲಿ ನೋಡ್ರಿ, ಹೋದ ವರ್ಷದ ಫೋಟೋ. ಗುಂಪಿ ನನ್ನ ಮೊಣಕಾಲಮಟ ಐತಿ."

"ಹೂಂ."

"ಈಗೂ ಮೊಣಕಾಲಮಟಾನ ಐತಿ. ಪ್ರತಿ ಐತವಾರ ಇಷ್ಟ ಮಂದಿ ಹಾಕತೀವಿ, ಇಷ್ಟೊತ್ತಿಗೆ ನನಗಿಂತ ಎತ್ತರ ಆಗಬೇಕಾಗಿತ್ತು. ಕಲ್ಲು ಎಲ್ಲಿ ಹೋದುವು?"

ಉಳದವರು ನಕ್ಕರು. ನೆಲ ನುಂಗಾಕತ್ತೈತಿ ಅಂದ ಒಬ್ಬ. ಮಾಳಿಂಗರಾಯ ನಗಲಿಲ್ಲ. ಸುತ್ತ ನೋಡಿದ, ಒಂದು ಕಲ್ಲೂ ಉರುಳಿ ಬಿದ್ದಿರಲಿಲ್ಲ. ಇಷ್ಟು ದಿನ ದಿನಾ ಅದರ ಮುಂದ ಹಾದು ಹೋಗ್ಯಾನ, ಆದ್ರ ನೆಟ್ಟಗ ನೋಡಿದ್ದು ಇವತ್ತ. ಆಕಿ ಒಂದೊಂದಾಗಿ ಸರಿಸಾಕತ್ತಾಳ, ಹೊರಗ ಬರಾಕ ಹಾದಿ ಮಾಡ್ಕೊಳ್ಳಾಕತ್ತಾಳ ಅಂತ ಮನಸಿಗೆ ಬಂದದ್ದು ಹೋಗಲಿಲ್ಲ. ಮರುದಿನ ಒಬ್ಬನ ಹೋಗಿ ಬೆನ್ನು ಬಾಗುವಂಥಾ ಕಲ್ಲು ಎತ್ತಿ ಗುಂಪಿ ಮ್ಯಾಲ ಹೇರಿದ. ವಾರ ತುಂಬೂದ್ರಾಗ ಅವುಗಳೊಳಗೂ ಎರಡು ಇರಲಿಲ್ಲ. ಅವತ್ತು ಮನ್ಯಾಗ ರೊಟ್ಟಿ ಮುರದು ಹಂಗ ಬಿಟ್ಟ. "ಮೈಯಾಗ ಆರಾಮ ಇಲ್ಲೇನು?" ಅಂತ ಹಣಮವ್ವ ಕೇಳಿದ್ಳು. ಏನಿಲ್ಲ ಅಂದ.

ಆಮ್ಯಾಲ ಒಂದು ದಿನ, ಮಧ್ಯಾನದಾಗ. ಹೊಗಿ ಎಲ್ಲೂ ಇರಲಿಲ್ಲ. ಮೆಟ್ಟಲು ಟಣ್ ಅಂತು. ಮಾಳಿಂಗರಾಯ ದುರ್ಬೀನು ಕಣ್ಣಿಗೆ ಹಚ್ಚಿ ದೂರ ಹಿನ್ನೀರಿನ ಕಡೆ ನೋಡಕೋಂತ ಕುಂತ. ಎಷ್ಟೋ ದಿನದಿಂದ ತಿರುವಿನ ಕಡೆ ದುರ್ಬೀನು ಹಿಡದಿರಲಿಲ್ಲ. ಅವತ್ತ ಅದೇನಾತೋ, ಕೈ ತಾನಾಗಿ ಆ ಕಡೆ ಹೊಳ್ಳಿತು. ಬೇವಿನ ಬುಡಕ್ಕ ಹಳದಿ ಕಂಡಿತು. ತಲಿ ಬಗ್ಗಿಸಿ ಯಾರೋ ಕುಂತಿದ್ರು.

ದುರ್ಬೀನು ಇಳಿಸಿದ.  ಮತ್ತ ಎತ್ತಿ ನೋಡಿದ, ಹಳದಿ ಅಲ್ಲೇ ಇತ್ತು. ಅವತ್ತ ಕುಂತಂಗ, ಅದ ಜಾಗಾದಾಗ. ಕಣ್ಣು ಮುಚ್ಚಿಕೊಂಡು ಕುಂಡ್ರಬೇಕು ಅನಿಸಿತು. ಬಾಡಗಂಡಿ ಕಡೆ ಮಾರಿ ತಿರುಗಿಸಿದ್ರ ಆತು, ಯಾರು ನೋಡಾಕ ಬರತಾರ. ತಿರುಗಿಸಿದ ಸುದ್ದಾ. ತಿರುಗಿಸಿದ ಮ್ಯಾಲ ಕುಂಡ್ರಾಕ ಆಗಲಿಲ್ಲ. ಮತ್ತೊಮ್ಮೆ ಹಂಗ ಕುಂತ್ರ ತಾ ಮನುಷ್ಯಾನ ಅಲ್ಲ ಅಂತ ತನಗ ತಾನ ಬೈಕೊಂಡು ಮೆಟ್ಟಲು ಇಳದ. ಇಳದವ ಓಡಿದ. ಒಂದು ಚಪ್ಪಲಿ ಎಲ್ಲಿ ಹೋತೋ ನೋಡಲಿಲ್ಲ, ಮುಳ್ಳು ನಟ್ಟಿದ್ದು ಗೊತ್ತಾಗಲಿಲ್ಲ. "ಬಂದೆ ಯವ್ವಾ, ಬಂದೆ" ಅನಕೋಂತ ಓಡಿದ.

ತಿರುವಿನ್ಯಾಗ ಕುಂತಾಕಿ ಹಣಮವ್ವ. ಶೀತಲ್‌ನ ಹಳದಿ ಓಡಣಿ ಸುತ್ತಿ ಸಿಂಬಿ ಮಾಡಿ ತಲಿ ಮ್ಯಾಲ ಇಟ್ಟುಕೊಂಡಿದ್ಳು. ಮುಂದ ಬುಟ್ಟಿ, ಬುಟ್ಟ್ಯಾಗ ಗುಂಪಿಯ ಕಲ್ಲು. ಗಂಡ ಏದುಸಿರು ಬಿಡಕೋಂತ ಬಂದು ನಿಂತದ್ದು ನೋಡಿ ಆಕಿ ಬೆದರಲಿಲ್ಲ.

"ಛಲೋ ಆತು ಬಂದ್ರಿ. ನೀವು ಹಾಕಿದ್ದು ಭಾಳ ಭಾರ ಅದಾವ. ಇದನ್ನ ಎತ್ತಾಕ ತಟಗ ಕೈ ಹಚ್ಚರಿ" ಅಂದ್ಳು.

ಮಾಳಿಂಗರಾಯ ಅಲ್ಲೆ ನೆಲಕ್ಕ ಕುಂತುಬಿಟ್ಟ. 

"ಇಷ್ಟು ದಿನ ನೀನ ಒಯ್ದಿ?"

"ಮತ್ಯಾರು ಒಯ್ಯತಾರ. ನೀವು ಟವರಿಗೆ ಹೋದಮ್ಯಾಲ ಬರತೇನಿ. ಒಂದಿನಕ್ಕ ಎರಡು, ಕೈಲಾದ್ರ ಮೂರು."

"ಎಲ್ಲಿಗೆ ಒಯ್ದಿ ಇವನ್ನ?"

"ಮನಿಗೆ." ಹಣಮವ್ವ ಗಂಡನ್ನ ನೋಡಿದ್ಳು. "ಬಾಗಲಾಗ ಕಟ್ಟಿ ಕಟ್ಟಾಕತ್ತೇನಲ್ಲ, ದಿನಾ ಸಂಜಿಕ ಅದರ ಮ್ಯಾಲ ಕುಂತು ಚಾ ಕುಡೀತೀರಿ. ಅದರ ಕಲ್ಲು ಎಲ್ಲಿಂದ ಬಂದಾವ ಅಂತ ಒಂದಿನಾನೂ ಕೇಳಲಿಲ್ಲ ನೀವು. ಮಗಳನ್ನ ಒಳಗ ಬಿಡಲಿಲ್ಲ, ಕಟ್ಟಿತನಕರೆ ಬರಲಿ ಅಂತ ತಂದೆ. ಪ್ಯಾಟಿ ಮಂದಿ ನಗಕೋಂತ ನಗಕೋಂತ ಆಕಿ ಮ್ಯಾಲ ಕಲ್ಲು ಹಾಕೂದು ನನಗ ನೋಡಾಕ ಆಗೂದಿಲ್ಲ. ಹಾಕ್ರಿ ಅಂತ ಹೇಳಾವ ಹೆತ್ತಪ್ಪ."

"ಅಣ್ಣ ಹೇಳಿದ್ದು..."

"ಭಾವನ ಹೆಸರು ತಗೀಬ್ಯಾಡ್ರಿ. ಅವರು ಹೇಳಿದ್ದು ಒಂದು ಕಲ್ಲು. ಅಂಜಿಕಿ ನಿಮ್ಮದು."

ಮಾಳಿಂಗರಾಯ ತಲಿ ತೆಳಗ ಹಾಕಿದ. 

"ನಾನೂ ಟವರ್ ಹತ್ತೇನಿ" ಅಂದ್ಳು ಹಣಮವ್ವ. ದನಿ ಏರಿಸಲಿಲ್ಲ. "ಆಕಿ ಹೋದ ಮುಂದಿನ ತಿಂಗಳ, ನೀವು ಮುಧೋಳಕ್ಕ ಪಗಾರಕ್ಕ ಹೋದ ದಿನ. ಅಲ್ಲಿ ಕುಂತು ನೋಡಿದೆ. ಈ ಗಿಡ ಅಂಗೈ ಕಂಡಂಗ ಕಾಣತೈತಿ."

ಅವ ನೋಡಿದ್ದು ಇಷ್ಟು ವರ್ಷ ಆಕಿಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಬಡದು ಹಾಕಿದ್ಳು, ಬುತ್ತಿ ಕಟ್ಟಿದ್ಳು, ಚಾ ಕೊಟ್ಟಿದ್ಳು. 

"ಕೈ ಎತ್ತಿದ್ಳು" ಅಂದ ಮಾಳಿಂಗರಾಯ. "ನಾನೂ ಎತ್ತಿದೆ. ಬರಾಕತ್ತಾಳ ಅಂತ ತಿಳಕೊಂಡೆ." ಅಷ್ಟು ಹೇಳಿ ಅತ್ತ. ಸತ್ತ ದಿನಾನೂ ಮಂದಿ ಮುಂದ ಅತ್ತಿರಲಿಲ್ಲ ಅವ.

 ಹಣಮವ್ವ ಸಮಾಧಾನ ಹೇಳಾಕ ಹೋಗಲಿಲ್ಲ, ಆಕಿಗೂ ಅವನ ಮ್ಯಾಲ ಸಿಟ್ಟು ಇಲ್ಲಂತಲ್ಲ. ಅವನ ಅಂಗಾಲಾಗಿನ ಮುಳ್ಳು ಎಳದು ಒಗದ್ಳು. ಆಮ್ಯಾಲ ಅಂದ್ಳು, "ನಿಮ್ಮ ಮ್ಯಾಲ ಸಿಟ್ಟಿದ್ರ ಮನಿಗೆ ಬಂದು ಮಾಡಲಿ. ಸಿಟ್ಟಿನ ಮಗಳೂ ಮನ್ಯಾಗ ಇರಬೇಕಲ್ಲ."

ಮುಂದಿನ ಐತವಾರ ಪ್ರೀತಿ ಟೀಚರ್ ಗುಂಪು ಬಂತು. ಟವರ್ ಹತ್ತಿ, ಹಿನ್ನೀರು ನೋಡಿ, ಉಪ್ಪಿಟ್ಟು ತಿಂದು, ಇಳದು ತಿರುವಿಗೆ ಬಂದ್ರು. ಹತ್ತುವಾಗ ಮಾಳಿಂಗರಾಯ ಕಲ್ಲು ಹಾಕ್ರಿ ಅಂದಿರಲಿಲ್ಲ, ಮರತಾನ ಅಂತ ತಿಳದು ಈಗ ಒಂದಿಬ್ಬರು ತಾವಾಗಿ ಕಲ್ಲು ಆರಸಾಕ ಬಗ್ಗಿದ್ರು.

"ಹಾಕಬ್ಯಾಡ್ರಿ" ಅಂದ ಮಾಳಿಂಗರಾಯ. "ದಣಿವಿನ ಗುಂಪಿ ಅಂತ ನಾ ಸುಳ್ಳು ಹೇಳಿದ್ದೆ. ಇಲ್ಲಿ ನನ್ನ ಮಗಳು ತೀರಿಕೊಂಡಾಳ. ಏಳಬಾರದು ಅಂತ ನಿಮ್ಮ ಕೈಲೆ ಭಾರ ಹೇರಿಸಿದೆ. ಇವತ್ತ ಸಂಜಿಕ ಆಕೀನ್ನ ಮನ್ಯಾಗ ಕರಕೊಳ್ಳಾವರು ಅದೀವಿ. ನಡಸಿಕೊಟ್ರ, ಒಬ್ಬೊಬ್ರು ಒಂದೊಂದು ಕಲ್ಲು ಎತ್ತಿಕೊಂಡು ನಮ್ಮ ಮನಿತನಕ ಬರ್ರಿ."

 ಫೋಟೋ ತಗದವರು ಫೋನ್ ಕಿಸೆದಾಗ ಇಟ್ಟರು. ಪ್ರೀತಿ ಟೀಚರ್ ಮೊದಲು ಚಪ್ಪಲಿ ಬಿಟ್ಟು, ಬಗ್ಗಿ ಒಂದು ಕಲ್ಲು ಎತ್ತಿ, ಕೂಸಿನ ಗತೆ ಎದಿಗೆ ಅವಚಿಕೊಂಡ್ರು. ಆಮ್ಯಾಲ ಒಬ್ಬೊಬ್ಬರು. ಬಿ.ಪಿ. ಇದ್ದ ಹಿರೇರೂ ಬಿಡಲಿಲ್ಲ, ಸಣ್ಣದೊಂದು ಆರಿಸಿ ಹಿಡಕೊಂಡ್ರು. ಗುಂಪಿ ಕರಗಿ ಕರಗಿ ಕಡೀಕ ಎಲ್ಲಾದರ ತೆಳಗಿನ ಒಂದು ಕಲ್ಲು ಉಳೀತು. ಅದು ಅವನ ಹಾಕಿದ ಮೊದಲನೇ ಕಲ್ಲು. ಅದನ್ನ ಎತ್ತಿ ಹೆಗಲಿಗೆ ಹಾಕಿದ್ದ ಕಂಬಳಿ ಮ್ಯಾಲ ಇಟ್ಟುಕೊಂಡ. ಅದರ ತೆಳಗಿನ ಮಣ್ಣು ಹಸಿ ಇತ್ತು.

"ನೀವು ಮುಂದ ನಡೀರಿ" ಅಂದ ಎಲ್ಲಾರಿಗೂ. "ನಾ ಹಿಂದ ಬರತೇನಿ."

ಸಾಲು ಇಳಿಯಾಕ ಹತ್ತಿತು. ತೆಳಗ ಮನಿ ಮುಂದ ಹಣಮವ್ವ ಅಂಗಳ ಸಾರಿಸಿ ತಂಬಿಗಿ ಹಿಡದು ನಿಂತದ್ದು ಕಾಣತಿತ್ತು. ಬೇವಿನ ಗಿಡ ದಾಟಿ ಸ್ವಲ್ಪ ದೂರ ಬಂದಿರಬೇಕು, ಮಾಳಿಂಗರಾಯಗ ಬೆನ್ನ ಹಿಂದ ಹೆಜ್ಜಿ ಕೇಳಿಸಿತು. ಒಣ ಹುಲ್ಲಿನ ಮ್ಯಾಲ, ಹಗೂರಕ, ನಿಂತು ನಿಂತು.  ಹಿಂದ ಹೊಳ್ಳಿ ನೋಡಬಾರದು ಅಂತ ಹಿರೇರು ಹೇಳತಿದ್ರು, ನೋಡಲಿಲ್ಲ. ಅಂಜಿಕಿ ಹೋಗಿತ್ತಂತಲ್ಲ. ಅಂಜಿಕಿ ಇದ್ರೂ ಓಡಬೇಕು ಅನಿಸಲಿಲ್ಲ, ಅಷ್ಟ. ಕಡದ ಕಾಲು, ನೋವು ಇದ್ದಿರಬೇಕು ಅಂತ ತನ್ನ ಹೆಜ್ಜಿ ಸಣ್ಣ ಮಾಡಿದ. ಹಿಂದಿನ ಸಪ್ಪಳ ನಿಂತ್ರ ಅವನೂ ನಿಂತ, ಕಲ್ಲು ಹೆಗಲು ಬದಲು ಮಾಡಿದಂಗ ಮಾಡಿ. ಮತ್ತ ಕೇಳಿಸಿದ ಮ್ಯಾಲ ನಡದ.

ಮುಂದ ಭಾಳ ದೂರ ಹೋಗಿದ್ದ ಪ್ರೀತಿ ಟೀಚರ್ ಕಲ್ಲು ಅವಚಿಕೊಂಡು ಹೊಳ್ಳಿ ನಿಂತ್ರು.

"ಕಾಕಾ, ಎಲ್ಲಾರೂ ಬಂದ್ರೇನ್ರಿ? ಹಿಂದ ಯಾರರೆ ಉಳದಾರೇನು?"

"ಬರಾಕತ್ತಾಳ" ಅಂದ ಮಾಳಿಂಗರಾಯ. "ತಟಗ ಮೆಲ್ಲಗ ನಡೀರಿ."